ಒದ್ದೆ ಊರಿನವರ ಒಣ ನಾಡು

ಚಳಿಗಾಲದ ಶನಿವಾರಗಳಲ್ಲಿ, ಮಂಜು ಇನ್ನೂ ಹರಿಯುವ ಮೊದಲೇ, ಕೋಲ್ಕತ್ತದ ವಿದ್ಯಾಸಾಗರ ಸೇತುವೆಯ ಮೇಲೆ ಬೈಕುಗಳ ಗುಂಪುಗಳು ಹೂಗ್ಲಿ ನದಿಯನ್ನು ದಾಟುತ್ತವೆ. ಕೋನಾ ರಸ್ತೆ ಮುಗಿಯುವಲ್ಲಿ ಅವು ಕವಲೊಡೆಯುತ್ತವೆ. ಕೆಲವು ದುರ್ಗಾಪುರದ ಹೆದ್ದಾರಿ ಹಿಡಿದು ಬೋಲ್ಪುರಕ್ಕೋ ಪುರುಲಿಯಾಕ್ಕೋ ಹೋಗುತ್ತವೆ, ಇನ್ನು ಕೆಲವು ಖರಗಪುರದ ಕಡೆ ಹೊರಳಿ ಗಡಬೇತಾದ ಗನಗನಿಗೆ, ಘಾಟಶಿಲಾಕ್ಕೆ. ನಕ್ಷೆಯ ಮೇಲೆ ಇವೆಲ್ಲ ಬೇರೆ ಬೇರೆ ಊರುಗಳು. ಆದರೆ ದಿಕ್ಕು ಒಂದೇ, ಪಶ್ಚಿಮ. ನೋಡಲು ಹೋಗುವುದೂ ಒಂದನ್ನೇ, ಕೆಂಪು ನೆಲ, ಬೋಳು ದಿಬ್ಬ, ಕೊರಕಲು, ಬತ್ತಿದ ಹೊಳೆಯ ಮರಳು. ಮಳೆಯಲ್ಲೂ ಬೆವರಲ್ಲೂ ಮುಳುಗಿರುವ ಒಂದು ಊರಿನ ಹುಡುಗರು ವಾರಕ್ಕೊಮ್ಮೆ ಒಣ ನೆಲವನ್ನು ಹುಡುಕಿಕೊಂಡು ಹೋಗುವುದೇಕೆ? ಸುಲಭದ ಉತ್ತರ ಎಲ್ಲರಿಗೂ ಗೊತ್ತು: ಅಮೆರಿಕದ ಸಿನಿಮಾ, ಬೈಕು ಕಂಪನಿಗಳ ಜಾಹೀರಾತು, ಫೋಟೋ ಹಾಕುವ ಹುಚ್ಚು. ನನಗೆ ಆ ಉತ್ತರ ಸಾಲದು ಅನ್ನಿಸುತ್ತದೆ. ಯಂತ್ರ ಹೊರಗಿನಿಂದ ಬಂದಿರಬಹುದು, ಹೋಗುವ ದಾರಿ ಮಾತ್ರ ಕಲ್ಕತ್ತೆ ನೂರೈವತ್ತು ವರ್ಷಗಳಿಂದ ಸವೆಸಿದ್ದು. ಬೈಕು ಹುಟ್ಟುವ ಮೊದಲೇ, ಸೈಕಲ್ಲೂ ಬರುವ ಮೊದಲೇ, ಈ ಊರು ತನ್ನ ಪಡುವಣ ದಿಕ್ಕಿನಲ್ಲಿ ತನಗೆ ಬೇಕಾದ ಒಂದು ಮರುಭೂಮಿಯನ್ನು ಕಟ್ಟಿಕೊಂಡಿತ್ತು.

ಕಟ್ಟಿಕೊಂಡಿತ್ತು ಎನ್ನಲು ಕಾರಣವಿದೆ. ಅಳತೆಗೋಲು ಹಿಡಿದರೆ ಅಲ್ಲಿ ಮರುಭೂಮಿ ಇಲ್ಲ. ಪುರುಲಿಯಾದಲ್ಲಿ ವರ್ಷಕ್ಕೆ ಸುಮಾರು 1,300 ಮಿಲಿಮೀಟರ್ ಮಳೆ ಬೀಳುತ್ತದೆ, ನಮ್ಮ ಚಿತ್ರದುರ್ಗಕ್ಕೆ ಬೀಳುವುದರ ಎರಡರಷ್ಟು. ಜೈಸಲ್ಮೇರಿಗೆ ಬೀಳುವುದು 200ರ ಆಚೀಚೆ. ಚಳ್ಳಕೆರೆಯ ರೈತನೊಬ್ಬನನ್ನು ಪುರುಲಿಯಾದಲ್ಲಿ ನಿಲ್ಲಿಸಿ ಇದು ಬರಡು ನಾಡು ಎಂದರೆ ನಕ್ಕಾನು. ಆದರೂ ಬೇಸಗೆಯಲ್ಲಿ ಅದು ಬರಡೇ. ಆಕಾಶದಿಂದ ಬಿದ್ದದ್ದನ್ನು ನೆಲ ಹಿಡಿದಿಟ್ಟುಕೊಳ್ಳುವುದಿಲ್ಲ, ಇಳಿಜಾರು ಅದನ್ನು ಹೊಳೆಗೆ ದಾಟಿಸಿಬಿಡುತ್ತದೆ, ಹೊಳೆ ಎರಡು ತಿಂಗಳಲ್ಲಿ ಮರಳಾಗುತ್ತದೆ. ರಾಢ ಎಂದು ಕರೆಯುವ ಈ ಪಶ್ಚಿಮ ಬಂಗಾಳದ ಮೇಲುನೆಲದ ಬಹುಭಾಗ ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುವ ಮುರಕಲ್ಲಿನದು. ಗನಗನಿಯಲ್ಲಿ ಶಿಲಾವತಿ ಹೊಳೆ ಈ ಕಲ್ಲನ್ನು ಕೊರೆದು ಗೋಡೆ, ಗವಿ, ಕಂಬಗಳನ್ನು ಮಾಡಿಟ್ಟಿದೆ. ಭೀಮನೂ ಬಕಾಸುರನೂ ಕಾದಾಡಿದ್ದರಿಂದ ನೆಲ ಹೀಗೆ ಸೀಳಿತು ಎನ್ನುವುದು ಊರವರ ಕಥೆ. ಬಂಗಾಳದ ಗ್ರ್ಯಾಂಡ್ ಕ್ಯಾನ್ಯನ್ ಎನ್ನುವುದು ಪ್ರವಾಸಿಗರು ಕೊಟ್ಟ ಹೆಸರು. ಈ ಕಲ್ಲಿಗೆ ವಿಜ್ಞಾನದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು, ಕನ್ನಡ, ಮಲಬಾರ್ ಸೀಮೆಗಳನ್ನು ಸುತ್ತಿದ ಈ ವೈದ್ಯ ಮಲಬಾರಿನ ಅಂಗಡಿಪ್ಪುರದಲ್ಲಿ ಕಂಡ ಕಲ್ಲಿಗೆ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹೆಸರು ಕಟ್ಟಿ 1807ರಲ್ಲಿ ಅಚ್ಚು ಹಾಕಿಸಿದ. ಇದೇ ಕಲ್ಲಿಗೆ ಜಂಬಿಟ್ಟಿಗೆ ಎನ್ನುವ ಕನ್ನಡದವರು ಆ ಇಟ್ಟಿಗೆಯನ್ನು ಹೆಸರಿನೊಳಗೆ ಮೊದಲೇ ಇಟ್ಟುಕೊಂಡಿದ್ದರು, ಅದು ಬೇರೆ ಮಾತು. ಮುಖ್ಯವಾದದ್ದು ಇಷ್ಟು: ಮಂಗಳೂರಿನಲ್ಲಿ ಹಸಿರು ಹೊದ್ದಿರುವ ಕಲ್ಲೇ ಗಡಬೇತಾದಲ್ಲಿ ಬೆತ್ತಲೆಯಾಗಿ ನಿಂತು ಮರುಭೂಮಿಯ ವೇಷ ಹಾಕಿದೆ. ಆ ವೇಷವನ್ನು ಮೆಚ್ಚುವ ಕಣ್ಣು ಎಲ್ಲಿಂದ ಬಂತು ಎಂಬುದೇ ಇತಿಹಾಸದ ಪ್ರಶ್ನೆ.

ಆ ಕಣ್ಣನ್ನು ಮೊದಲು ತೆರೆಸಿದ್ದು ಜ್ವರ. 1860, 70ರ ದಶಕಗಳಲ್ಲಿ ಬರ್ದ್ವಾನ್ ಜ್ವರ ಎಂದು ಹೆಸರಾದ ಪಿಡುಗು ತಗ್ಗು ಬಂಗಾಳದ ಹಳ್ಳಿಹಳ್ಳಿಗಳನ್ನು ಖಾಲಿ ಮಾಡಿತು. ಮಲೇರಿಯಾ ಎಷ್ಟು, ಕಾಲಾ ಅಜಾರ್ ಎಷ್ಟು ಎಂದು ಆಮೇಲಿನವರು ವಾದಿಸಿದ್ದುಂಟು. ಕೆರೆ, ಕೊಳ, ಭತ್ತದ ಗದ್ದೆ, ಮುಚ್ಚಿಹೋದ ಹಳೆಯ ನದೀಪಾತ್ರಗಳ ನಡುವೆ ಬದುಕುತ್ತಿದ್ದ ಜನಕ್ಕೆ ನೀರೇ ವೈರಿಯಾಯಿತು. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎಂದು ನಂಬಿದ್ದ ಕಾಲದ ವೈದ್ಯರು ಒಣ ಹವೆಯ ಜಾಗಕ್ಕೆ ಹೋಗಿ ಎಂದು ಬರೆದುಕೊಡುತ್ತಿದ್ದರು. ಹೋಗಲು ಗಾಡಿಯೂ ಆ ಹೊತ್ತಿಗೆ ಸಿದ್ಧವಾಗಿತ್ತು. 1854ರ ಆಗಸ್ಟ್ 15ರಂದು ಹೌರಾದಿಂದ ಹೂಗ್ಲಿಗೆ ಓಡಿದ ಈಸ್ಟ್ ಇಂಡಿಯನ್ ರೈಲ್ವೆ ಮರುವರ್ಷವೇ ಕಲ್ಲಿದ್ದಲಿಗಾಗಿ ರಾಣೀಗಂಜನ್ನು ಮುಟ್ಟಿತು. 1871ರಲ್ಲಿ ಮಧುಪುರ, ಜಸಿಡಿಹ್‌ಗಳ ಮೇಲೆ ಹಾದುಹೋಗುವ ಒಳದಾರಿ ತೆರೆಯಿತು. ಶತಮಾನ ಮುಗಿಯುವ ಹೊತ್ತಿಗೆ ಬೆಂಗಾಲ್ ನಾಗಪುರ ರೈಲ್ವೆ ಪುರುಲಿಯಾ, ಘಾಟಶಿಲಾಗಳನ್ನೂ ಜೋಡಿಸಿತು. ಮಧುಪುರ, ಗಿರಿಡಿಹ್, ಶಿಮುಲ್ತಲಾ, ದೇವಘರ್: ಈ ಹೆಸರುಗಳು ಬಂಗಾಳಿ ಮನೆಗಳಲ್ಲಿ ಔಷಧಿಯ ಹೆಸರುಗಳಂತೆ ಓಡಾಡಿದವು. ಅನುಕೂಲಸ್ಥರು ಅಲ್ಲಿ ಗುಲಾಬಿ ತೋಟದ ಮನೆಗಳನ್ನು ಕಟ್ಟಿಸಿದರು, ವರ್ಷದ ಹತ್ತು ತಿಂಗಳು ಅವನ್ನು ಕಾಯಲು ಮಾಲಿಯೊಬ್ಬನನ್ನು ಇಟ್ಟರು. ಮಿಕ್ಕವರು ಬಾಡಿಗೆಗೆ ಹಿಡಿದರು. ಈ ಪ್ರಯಾಣಕ್ಕೆ ಹವಾ ಬದಲಾವಣೆ ಎಂಬ ಹೆಸರು, ಹೋಗುವ ಜಾಗಕ್ಕೆ ಬರೀ ‘ಪಶ್ಚಿಮ’ ಎಂದರೆ ಸಾಕು. ನಮ್ಮಲ್ಲಿ ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂದರೆ ಊರಿನ ಹೆಸರು ಬೇಕಾಗದಂತೆ.

ಇಲ್ಲೊಂದು ಸೊಗಸಾದ ತಮಾಷೆಯೂ ಇದೆ. 1898ರಲ್ಲಿ ಅದೇ ಕಲ್ಕತ್ತೆಯ ಪ್ರೆಸಿಡೆನ್ಸಿ ಜನರಲ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರೊನಾಲ್ಡ್ ರಾಸ್ ಹಕ್ಕಿಗಳ ಮಲೇರಿಯಾ ಸೊಳ್ಳೆಯ ಮೂಲಕ ಹರಡುವುದನ್ನು ತೋರಿಸಿಕೊಟ್ಟ. ಗಾಳಿ ನಿರಪರಾಧಿ ಎಂದು ಸಾಬೀತಾಯಿತು. ಆದರೂ ಪಶ್ಚಿಮಕ್ಕೆ ಹೋಗುವುದು ನಿಲ್ಲಲಿಲ್ಲ, ಹೆಚ್ಚಿತು. ನಿಂತ ನೀರು ಕಡಿಮೆ ಇರುವಲ್ಲಿ ಸೊಳ್ಳೆಯೂ ಕಡಿಮೆ, ಹಾಗಾಗಿ ತಪ್ಪು ಕಾರಣಕ್ಕೆ ಕೊಟ್ಟ ಸಲಹೆ ಸರಿಯಾದ ಫಲವನ್ನೇ ಕೊಟ್ಟಿತ್ತು. ಅಷ್ಟು ಹೊತ್ತಿಗೆ ಒಣ ನೆಲ ಔಷಧಿಯಾಗಿ ಮಾತ್ರ ಉಳಿದಿರಲಿಲ್ಲ, ರುಚಿಯಾಗಿತ್ತು. ಬಂಕಿಮಚಂದ್ರರ ಅಣ್ಣ ಸಂಜೀಬಚಂದ್ರ ಚಟ್ಟೋಪಾಧ್ಯಾಯರು ‘ಪಲಾಮೌ’ ಪ್ರವಾಸಕಥನವನ್ನು 1880ರಿಂದ ಬಂಗದರ್ಶನ ಪತ್ರಿಕೆಯಲ್ಲಿ ಕಂತುಕಂತಾಗಿ ಬರೆದಿದ್ದರು. 1863ರಲ್ಲಿ ಬೋಲ್ಪುರದ ಬಯಲಿನಲ್ಲಿ ಇಪ್ಪತ್ತು ಬೀಘಾ ನೆಲವನ್ನು ಗೇಣಿಗೆ ಪಡೆದ ದೇವೇಂದ್ರನಾಥ ಠಾಕೂರರಿಗೆ ಬೇಕಾಗಿದ್ದದ್ದು ಧ್ಯಾನಕ್ಕೆ ಒದಗುವ ಬೋಳು ಬಯಲು. ಹತ್ತು ವರ್ಷಗಳ ಮೇಲೆ ಅವರೊಡನೆ ಅಲ್ಲಿಗೆ ಹೋದ ಬಾಲಕ ರವೀಂದ್ರ ಖೊಯಾಯಿಯ ಕೆಂಪು ಕೊರಕಲುಗಳಲ್ಲಿ ಕಲ್ಲು ಆರಿಸಿ ಉಡಿ ತುಂಬಿಕೊಂಡ. ಜಗದೀಶಚಂದ್ರ ಬೋಸ್ ತೀರಿಕೊಂಡದ್ದು ಗಿರಿಡಿಹ್‌ನಲ್ಲಿ, 1937ರ ನವೆಂಬರ್ 23ರಂದು. ಕಾದಂಬರಿಕಾರ ಬಿಭೂತಿಭೂಷಣ ಬಂದ್ಯೋಪಾಧ್ಯಾಯರು ಕಣ್ಣು ಮುಚ್ಚಿದ್ದು ಘಾಟಶಿಲಾದ ಮನೆಯಲ್ಲಿ, 1950ರಲ್ಲಿ. ಸತ್ಯಜಿತ್ ರಾಯ್ ತಮ್ಮ ವಿಜ್ಞಾನಿ ಪಾತ್ರ ಪ್ರೊಫೆಸರ್ ಶೊಂಕುವಿಗೆ ಮನೆ ಕಟ್ಟಿಕೊಡಲು ಗಿರಿಡಿಹ್‌ಅನ್ನೇ ಆರಿಸಿಕೊಂಡರು. ಬದುಕಿದವರೂ ಸತ್ತವರೂ ಕಲ್ಪಿತರೂ ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ ಅದನ್ನು ಕಾಕತಾಳೀಯ ಎನ್ನಲಾಗದು.

ಇನ್ನು ಚಕ್ರದ ಮಾತು. ಕುಂತಲೀನ್ ಎಂಬ ತಲೆಗೆಣ್ಣೆಯಿಂದ ಹೆಸರು ಮಾಡಿದ ಹೇಮೇಂದ್ರಮೋಹನ್ ಬೋಸ್ 1903ರಲ್ಲಿ ಕಲ್ಕತ್ತೆಯ ಹ್ಯಾರಿಸನ್ ರಸ್ತೆಯಲ್ಲಿ ಸೈಕಲ್ ಅಂಗಡಿ ತೆರೆದರು; ಆಮೇಲೆ ಮೋಟಾರು ವ್ಯಾಪಾರಕ್ಕೂ ಇಳಿದರು. ಜಗದೀಶಚಂದ್ರರಿಗೂ ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ ಅವರಿಗೂ ಸೈಕಲ್ ಕಲಿಸಿದವರು ಅವರೇ ಎಂಬುದು ಪ್ರಸಿದ್ಧ. ಗಡ್ಡದ ಪ್ರೊಫೆಸರರು ಪಂಚೆ ಎತ್ತಿ ಕಟ್ಟಿ ಪೆಡಲು ತುಳಿದ ಚಿತ್ರವನ್ನು ಓದುಗರು ಊಹಿಸಿಕೊಳ್ಳಲಿ. ದಿಟವಾದ ತಿರುವು ಬಂದದ್ದು 1926ರ ಡಿಸೆಂಬರ್ 12ರಂದು. ಅಶೋಕ್ ಮುಖರ್ಜಿ, ಬಿಮಲ್ ಮುಖರ್ಜಿ, ಆನಂದ್ ಮುಖರ್ಜಿ, ಮಣೀಂದ್ರ ಘೋಷ್ ಎಂಬ ನಾಲ್ವರು ಗೆಳೆಯರು ಕಲ್ಕತ್ತೆಯ ಟೌನ್ ಹಾಲಿನ ಮುಂದಿನಿಂದ ಸೈಕಲ್ ಹತ್ತಿ ಜಗತ್ತು ಸುತ್ತಲು ಹೊರಟರು. ಅವರೇ ಮೊದಲಿಗರಲ್ಲ, ಮೂರು ವರ್ಷ ಮುಂಚೆ ಮುಂಬಯಿಯ ಪಾರ್ಸಿ ತರುಣರು ಹೊರಟಿದ್ದರು. ಆದರೆ ಕಲ್ಕತ್ತೆಯವರು ಹಿಡಿದ ದಿಕ್ಕು ನೋಡಿ: ಪಶ್ಚಿಮಕ್ಕೇ ನಡೆದು ರಾಜಸ್ಥಾನದ ಮರಳನ್ನು ಹಾಯ್ದು ಕರಾಚಿ, ಅಲ್ಲಿಂದ ಮುಂದೆ ಅರಬರ ಮರಳುಗಾಡು. ಬಿಮಲ್ ಮುಖರ್ಜಿ ಊರಿಗೆ ಮರಳಿದ್ದು 1937ರಲ್ಲಿ. ಅಜ್ಜಂದಿರು ಜ್ವರ ಕಳೆಯಲು ಹೋಗಿದ್ದ ದಿಕ್ಕಿಗೆ ಮೊಮ್ಮಕ್ಕಳು ಛಲ ತೀರಿಸಲು ಹೋದರು. ಬಂಗಾಳಿಗಳು ಮೈಯಲ್ಲಿ ಕಸುವಿಲ್ಲದವರು ಎಂದು ಇಂಗ್ಲಿಷರು ಹೀಯಾಳಿಸುತ್ತಿದ್ದ ಕಾಲ ಅದು. ಒದ್ದೆ ನೆಲ ಮನುಷ್ಯನನ್ನು ಮೆತ್ತಗೆ ಮಾಡುತ್ತದೆ, ಒಣ ನೆಲ ಗಟ್ಟಿ ಮಾಡುತ್ತದೆ ಎಂಬುದೂ ಆ ಹೀಯಾಳಿಕೆಯ ಒಂದು ಎಳೆ. ಮರಳುಗಾಡನ್ನು ದಾಟಿ ತೋರಿಸುವುದೇ ಅದಕ್ಕೆ ಉತ್ತರವಾಗಿತ್ತು. ಇಂದಿನ ಶನಿವಾರದ ಸವಾರಿಯ ಹುಮ್ಮಸ್ಸಿನಲ್ಲಿ, ಗುಂಪಾಗಿ ಹೋಗುವ, ಮೈಯನ್ನು ಪಣಕ್ಕಿಡುವ ಆ ಗುಣದಲ್ಲಿ, ಇದರ ಒಂದು ಕಿಡಿ ಉಳಿದಿದೆ ಎಂದೇ ನನ್ನ ತರ್ಕ.

ಇದಕ್ಕೆ ಎದುರಾಗಿ ಎತ್ತಬಹುದಾದ ಗಟ್ಟಿ ಆಕ್ಷೇಪ, ನಡುವೆ ಎಳೆ ಕಡಿದಿದೆ ಎನ್ನುವುದು. ಒಪ್ಪಬೇಕಾದ ಮಾತು. ಸ್ವಾತಂತ್ರ್ಯ ಬಂದ ಮೇಲೆ ಮಧುಪುರದ ಮನೆಗಳು ಪಾಳು ಬಿದ್ದವು. ದೇಶವಿಭಜನೆ ಹಲವರ ಆಸ್ತಿಯನ್ನು ಗಡಿಯಾಚೆ ಉಳಿಸಿತು, ಜಮೀನ್ದಾರಿ ಹೋಯಿತು, 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಮನೆಮನೆಗೆ ಡಿಡಿಟಿ ಹೊಡೆದು ಹವಾ ಬದಲಾವಣೆಯ ಮೂಲ ಕಾರಣವನ್ನೇ ಅಳಿಸಿತು. ಬಂಗಾಳಿ ಕುಟುಂಬಗಳ ಪ್ರವಾಸ ದೀಘಾ, ಪುರಿ, ದಾರ್ಜಿಲಿಂಗ್ ಎಂಬ ಮೂರು ಊರುಗಳಿಗೆ ಕಟ್ಟುಬಿತ್ತು. ಅವರೇ ಅದನ್ನು ದೀ-ಪು-ದಾ ಎಂದು ಗೇಲಿ ಮಾಡಿಕೊಳ್ಳುತ್ತಾರೆ. ಕಡಲು, ದೇವರು, ಮಂಜು. ಒಣ ನೆಲಕ್ಕೆ ಅಲ್ಲಿ ಜಾಗವಿಲ್ಲ. ಆದರೆ ಕುಟುಂಬ ಬಿಟ್ಟ ದಿಕ್ಕನ್ನು ಗೆಳೆಯರ ಗುಂಪು ಎತ್ತಿಕೊಂಡಿತು. ಸುನೀಲ್ ಗಂಗೋಪಾಧ್ಯಾಯರ ‘ಅರಣ್ಯೇರ್ ದಿನರಾತ್ರಿ’ ಕಾದಂಬರಿಯಲ್ಲಿ ಕಲ್ಕತ್ತೆಯ ನಾಲ್ವರು ಗೆಳೆಯರು ರೈಲು ಹತ್ತಿ ಪಶ್ಚಿಮದ ಧಲಭೂಮಗಡದಲ್ಲಿ ಇಳಿಯುತ್ತಾರೆ. 1970ರಲ್ಲಿ ರಾಯ್ ಅದನ್ನು ಸಿನಿಮಾ ಮಾಡಿದಾಗ ಆ ನಾಲ್ವರನ್ನು ಕಾರಿನಲ್ಲಿ ಕೂರಿಸಿ ಪಲಾಮೌ ಕಾಡಿಗೆ ಕಳಿಸಿದರು. ರೈಲಿನಿಂದ ರಸ್ತೆಗೆ ಆದ ಈ ಬದಲಾವಣೆ ನನಗೆ ಯಾವ ಅಂಕಿಅಂಶಕ್ಕೂ ಕಡಿಮೆಯ ಸಾಕ್ಷ್ಯವಲ್ಲ. ಅದಕ್ಕೂ ಮುಂಚೆ, 1961ರ ‘ಸಪ್ತಪದಿ’ಯಲ್ಲಿ, ಉತ್ತಮ್ ಕುಮಾರ್ ಮತ್ತು ಸುಚಿತ್ರಾ ಸೇನ್ ಮೋಟಾರುಸೈಕಲ್ ಮೇಲೆ ಹಾಡುತ್ತ ಸಾಗುವ ದೃಶ್ಯ ಬಂಗಾಳದ ಮನಸ್ಸಿನಲ್ಲಿ ಅಚ್ಚೊತ್ತಿತ್ತು. 1974ರ ‘ಸೋನಾರ್ ಕೆಲ್ಲಾ’ ಜೈಸಲ್ಮೇರಿನ ಕೋಟೆಯನ್ನೂ ಒಂಟೆಯನ್ನೂ ಬಂಗಾಳಿ ಮಕ್ಕಳ ಕನಸಿಗೆ ತಂದುಹಾಕಿತು. ಎಳೆ ನೆಲದ ಮೇಲೆ ಕಡಿದಿದ್ದಾಗ ಪರದೆಯ ಮೇಲೆ ಓಡುತ್ತಿತ್ತು.

ನೆಲದ ಮೇಲೆ ಅದು ಮತ್ತೆ ಕಾಣಿಸಿಕೊಳ್ಳಲು ತಡವಾದದ್ದಕ್ಕೆ ಕಾರಣ ಮನಸ್ಸಲ್ಲ, ಯಂತ್ರ ಮತ್ತು ರಸ್ತೆ. ಆಮದು ನಿರ್ಬಂಧದ ದಿನಗಳಲ್ಲಿ ಸಿಗುತ್ತಿದ್ದ ಬೈಕುಗಳೇ ಬೆರಳೆಣಿಕೆಯವು: ಮದ್ರಾಸಿನ ಎನ್‌ಫೀಲ್ಡ್, ಎಸ್ಕಾರ್ಟ್ಸ್‌ನ ರಾಜದೂತ್, 1961ರಿಂದ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಆಮೇಲೆ ಅದೇ ಕಾರ್ಖಾನೆಯ ಯೆಜ್ಡಿ. ಮೈಸೂರಿನ ಕೆಲಸಗಾರರು ಜೋಡಿಸಿದ ಆ ಬಂಡಿಗಳನ್ನು ಕೋಲ್ಕತ್ತದಲ್ಲಿ ಇಂದಿಗೂ ಜೋಪಾನ ಮಾಡುವವರಿದ್ದಾರೆ, ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದ್ದರೂ. ರಸ್ತೆಯ ಕಥೆ ಇನ್ನೂ ನಿಧಾನದ್ದು. 1992ರ ಅಕ್ಟೋಬರಿನಲ್ಲಿ ವಿದ್ಯಾಸಾಗರ ಸೇತುವೆ ತೆರೆಯುವ ತನಕ ನಗರದ ನಡುವಿನಿಂದ ಪಶ್ಚಿಮಕ್ಕೆ ಹೊರಡುವವರು ಹೌರಾ ಸೇತುವೆಯ ನೂಕುನುಗ್ಗಲನ್ನೇ ದಾಟಬೇಕಿತ್ತು. ಹೊಸ ಶತಮಾನದ ಮೊದಲ ದಶಕದಲ್ಲಿ ಸುವರ್ಣ ಚತುಷ್ಪಥ ದೆಹಲಿಯ ದಾರಿಯನ್ನೂ ಚೆನ್ನೈ ದಾರಿಯನ್ನೂ ಅಗಲ ಮಾಡಿತು. ಬೆಳಗ್ಗೆ ಹೊರಟು, ಕೊರಕಲು ನೋಡಿ, ಮರುದಿನ ಸಂಜೆಗೆ ಮನೆ ಸೇರುವುದು ಸಾಧ್ಯವಾದದ್ದು ಆಗ. ಅಮೆರಿಕದ ಸಿನಿಮಾ ಮತ್ತು ಕಂಪನಿಗಳ ಪ್ರಚಾರಕ್ಕೆ ಸಲ್ಲಬೇಕಾದ ಪಾಲನ್ನು ಅಲ್ಲಗಳೆಯುತ್ತಿಲ್ಲ. ಜಾಕೆಟ್ಟು, ಗುಂಪಿನ ಹೆಸರು, ಲಾಂಛನ, ಇವೆಲ್ಲ ಅಲ್ಲಿಂದಲೇ ಬಂದವು. ಆದರೆ ಪ್ರಚಾರವೇ ಎಲ್ಲವನ್ನೂ ನಿರ್ಧರಿಸುವುದಾಗಿದ್ದರೆ ಅದೇ ಜಾಕೆಟ್ಟು ತೊಟ್ಟ ಬೆಂಗಳೂರಿನವರೂ ಒಣ ನೆಲಕ್ಕೇ ಮುಗಿಬೀಳಬೇಕಿತ್ತು. ಅವರು ನಂದಿಬೆಟ್ಟದ ಮಂಜಿಗೆ, ಸಕಲೇಶಪುರದ ಮಳೆಗೆ, ಆಗುಂಬೆಯ ಕಾಡಿಗೆ ಹೋಗುತ್ತಾರೆ. ಒಣ ಊರಿನವರು ನೀರನ್ನು ಹುಡುಕಿದರೆ ಒದ್ದೆ ಊರಿನವರು ಬಿಸಿಲನ್ನು ಹುಡುಕುತ್ತಾರೆ. ಆಂಧ್ರದ ಗಂಡಿಕೋಟೆಯ ಒಣ ಕೊರಕಲಿಗೂ ಬೆಂಗಳೂರಿನಿಂದ ಬೈಕುಗಳು ಹೋಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಹೋಗುತ್ತವೆ. ನನ್ನ ಮಾತು ನಿಯಮವಲ್ಲ, ವಾಲು. ಆ ವಾಲಿಗೆ ಆಯಾ ಊರಿನ ಹಳೆಯ ಕೊರತೆ ಕಾರಣ ಎಂಬಷ್ಟೇ ವಾದ.

ಇನ್ನೊಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ, ಒಪ್ಪಿಗೆ ಇದೆ. ಈ ಇತಿಹಾಸ ಪೂರ್ತಿ ಹೋಗುವವರದು; ಅಲ್ಲಿರುವವರಿಗೆ ಆ ನೆಲ ನೋಟವೂ ಅಲ್ಲ, ಮದ್ದೂ ಅಲ್ಲ, ಒಂದೇ ಬೆಳೆಯ ಹೊಲ. ಹಿಂದೆ ಪಶ್ಚಿಮದ ಸಂತೆಗಳಲ್ಲಿ ಕಲ್ಕತ್ತೆಯ ಬಾಬುಗಳು ಕೋಳಿ, ಮೊಟ್ಟೆ, ತರಕಾರಿಯ ಬೆಲೆ ಕೇಳಿ ‘ಡ್ಯಾಮ್ ಚೀಪ್’ ಎಂದು ಉದ್ಗರಿಸುತ್ತಿದ್ದರಂತೆ. ಊರವರು ಅವರಿಗೆ ‘ಡಾಂಚಿ ಬಾಬು’ ಎಂದೇ ಹೆಸರಿಟ್ಟರು. ಆ ಅಡ್ಡಹೆಸರಿನಲ್ಲಿ ಇರುವಷ್ಟು ವಿಮರ್ಶೆ ದೊಡ್ಡ ಗ್ರಂಥದಲ್ಲೂ ಸಿಗದು. ಪುರುಲಿಯಾ, ಬಾಂಕುಡಾದ ಸಂತಾಲರೂ ಇತರ ಬಡ ರೈತಕೂಲಿಗಳೂ ತಲೆಮಾರುಗಳಿಂದ ಎದುರು ದಿಕ್ಕಿಗೆ ಪ್ರಯಾಣ ಮಾಡುತ್ತಿದ್ದಾರೆ. ನಾಟಿಗೊಮ್ಮೆ, ಕೊಯ್ಲಿಗೊಮ್ಮೆ, ಪೂರ್ವದ ತಗ್ಗು ಗದ್ದೆಗಳಿಗೆ, ಬರ್ದ್ವಾನ್ ಹೂಗ್ಲಿ ಜಿಲ್ಲೆಗಳಿಗೆ, ಕೂಲಿಗೆ ಇಳಿಯುವುದು. ಅದನ್ನು ಅವರು ‘ನಾಮಾಲ್’ ಎನ್ನುತ್ತಾರೆ, ಕೆಳಗಿನ ನಾಡು ಎಂಬ ಅರ್ಥದಲ್ಲಿ. ಕಲ್ಕತ್ತೆಗೆ ಪಶ್ಚಿಮ ಹೇಗೋ ಹಾಗೆ ಅವರಿಗೆ ನಾಮಾಲ್ ಒಂದು ದಿಕ್ಕು. ಅಲ್ಲಿಗೆ ಕರೆದೊಯ್ಯುವುದು ಜ್ವರವಲ್ಲ, ಹಸಿವು. ಬೈಕುಗಳು ಹೊರಡುವ ಚಳಿಗಾಲದ ಮೊದಲ ವಾರಗಳು ಭತ್ತದ ಕೊಯ್ಲಿನ ವಾರಗಳೂ ಹೌದು.

ಆ ನಾಡಿನವರು ಕೂಲಿಗಲ್ಲದೆ ಬೇರೊಂದು ಕಾರಣಕ್ಕೆ ಕಲ್ಕತ್ತೆಗೆ ಬಂದದ್ದೂ ಉಂಟು. ಪುರುಲಿಯಾ 1956ರ ತನಕ ಬಿಹಾರದ ಮಾನಭೂಮ್ ಜಿಲ್ಲೆಯಲ್ಲಿತ್ತು. ಬಂಗಾಳಿ ಮಾತಾಡುವ ತಮ್ಮನ್ನು ಬಂಗಾಳಕ್ಕೆ ಸೇರಿಸಬೇಕೆಂದು, ಬಂಗಾಳ ಬಿಹಾರಗಳನ್ನು ಒಂದು ಮಾಡುವ ಪ್ರಸ್ತಾಪವನ್ನು ಕೈಬಿಡಬೇಕೆಂದು ಲೋಕಸೇವಕ ಸಂಘದ ಸುಮಾರು ಸಾವಿರ ಮಂದಿ, ಹೆಂಗಸರೂ ಸೇರಿದಂತೆ, 1956ರ ಏಪ್ರಿಲ್ 20ರಂದು ಪಾಕ್‌ಬಿರ್ರಾ ಎಂಬ ಹಳ್ಳಿಯಿಂದ ಉರಿಬಿಸಿಲಿನಲ್ಲಿ ಕಾಲ್ನಡಿಗೆ ಹೊರಟರು. ಅತುಲಚಂದ್ರ ಘೋಷ್ ಮುಂದಾಳು. ಇಂದು ಬೈಕು ಅರ್ಧ ದಿನದಲ್ಲಿ ಮುಗಿಸುವ ದೂರವನ್ನು ಅವರು ಹದಿನೇಳು ದಿನ ನಡೆದು ಮೇ 6ರಂದು ಕಲ್ಕತ್ತೆ ಮುಟ್ಟಿದರು, ಮರುದಿನ ಬಂಧನಕ್ಕೊಳಗಾದರು. ಪುರುಲಿಯಾ ಪಶ್ಚಿಮ ಬಂಗಾಳದ ಜಿಲ್ಲೆಯಾದದ್ದು ಅದೇ ವರ್ಷದ ನವೆಂಬರ್ 1ರಂದು, ಕನ್ನಡ ನಾಡು ಒಂದಾದ ದಿನವೇ.